ಸಯನ್‌ನಲ್ಲಿ ನಿಲ್ಲದ ಗಾಡಿ

ಮುಂಬಯಿಯ ಸಯನ್ ನಿಲ್ದಾಣದಲ್ಲಿ ನಿಂತವರಿಗೆ ದಿನವೂ ಕಾಣುವ ದೃಶ್ಯವೊಂದುಂಟು: ಕುರ್ಲಾ ಬಿಟ್ಟ ಫಾಸ್ಟ್ ಲೋಕಲ್ ಇಲ್ಲಿ ಕಾದಿರುವ ಜನಸ್ತೋಮವನ್ನು ಲೆಕ್ಕಿಸದೆ ನೇರವಾಗಿ ದಾದರಿನತ್ತ ಧಾವಿಸಿಬಿಡುತ್ತದೆ. ಅದು ಸ್ಲೋ ಲೋಕಲಿಗಿಂತ ಮೊದಲು ದಾದರ್ ಸೇರಿತೆಂಬ ಮಾತ್ರಕ್ಕೆ ಗಾಡಿಯೇ ಶ್ರೇಷ್ಠವೆಂದು ಸಯನ್ನಿನವರಾರೂ ವಾದಿಸುವುದಿಲ್ಲ. ನಮ್ಮನ್ನೂ ಮಾಟುಂಗಾದವರನ್ನೂ ಅದು ಹತ್ತಿಸಿಕೊಳ್ಳಲೇ ಇಲ್ಲವೆಂಬುದು ನಮಗೆ ಗೊತ್ತು. ಗಣಕಯಂತ್ರಗಳನ್ನು ಪರೀಕ್ಷಿಸುವಾಗ ಮಾತ್ರ ಈ ವಿವೇಕ ಬಲು ಸುಲಭವಾಗಿ ಮರೆತುಹೋಗುತ್ತದೆ.

ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಒಂದು ಮಳೆಗಾಲವೆಲ್ಲ ನಮ್ಮ ಮನೆಯಲ್ಲಿದ್ದು, ಹಳೆಯ ಹಾರ್ಡ್ ಡಿಸ್ಕೊಂದನ್ನು ಎರಡು ಪಾಲು ಮಾಡಿ, 2008ರಿಂದ ಲಿನಕ್ಸ್‌ನಲ್ಲಿ ನೆಲೆನಿಂತಿರುವ ಇಎಕ್ಸ್‌ಟಿ-4 ಎಂಬ ಫೈಲ್ ಸಿಸ್ಟಮಿಗೂ, 2024ರ ಜನವರಿಯಲ್ಲಿ ‘ಪ್ರಾಯೋಗಿಕ’ವೆಂಬ ಹಣೆಪಟ್ಟಿಯೊಡನೆಯೇ ಲಿನಕ್ಸ್ 6.7ರೊಳಗೆ ಪ್ರವೇಶಿಸಿದ ಬಿಕ್ಯಾಶ್-ಎಫ್‌ಎಸ್‌ಗೂ ಸ್ಪರ್ಧೆಯನ್ನೇರ್ಪಡಿಸಿದ. ಫೈಲ್ ಸಿಸ್ಟಮ್ ಎಂದರೆ ಡಿಸ್ಕಿನೊಳಗಿನ ಶಾನುಭೋಗ. ಯಾವ ಕಡತ ಎಲ್ಲಿದೆ, ಎಷ್ಟು ಜಾಗ ಖಾಲಿಯಿದೆ ಎಂಬ ಲೆಕ್ಕವೆಲ್ಲ ಅದರ ಕೈಯಲ್ಲಿ.

“ಮಾವ, ಹೊಸದು ಸೋತಿತು” ಎಂದ ಹುಡುಗ, ಅಂಕಿಗಳ ಹಾಳೆಯನ್ನು ಮುಂದೆ ಹಿಡಿದು.

“ಯಾವುದನ್ನು ಎಲ್ಲಿ ಕೂರಿಸಿದ್ದೆ?” ಎಂದು ಕೇಳಿದೆ. ತಿರುಗುವ ತಟ್ಟೆಯ ಹೊರ ಅಂಚಿನ ಸುತ್ತು ಒಳಗಿನದಕ್ಕಿಂತ ದೊಡ್ಡದಾದ್ದರಿಂದ, ಒಂದೇ ಸುತ್ತಿನ ಅವಧಿಯಲ್ಲಿ ಅಲ್ಲಿ ಹೆಚ್ಚು ದತ್ತಾಂಶ ಹಾಯುತ್ತದೆ. ಹೊರ ಅಂಚಿನ ವೇಗ ಒಳ ಅಂಚಿನದಕ್ಕೆ ಸುಮಾರು ಇಮ್ಮಡಿ. ಡಿಸ್ಕಿನ ಮೊದಲ ಪಾಲು ಸಾಮಾನ್ಯವಾಗಿ ಹೊರ ಅಂಚಿನಲ್ಲೇ ಬೀಳುತ್ತದೆ, ಅಲ್ಲಿ ಕುಳಿತದ್ದು ಹಳೆಯದು. ಎರಡನ್ನೂ ಅದಲುಬದಲು ಮಾಡಿಸಿದೆ. ಅಂತರ ಕಣ್ಣಿಗೆ ಕಾಣುವಷ್ಟು ಕುಗ್ಗಿತು. ಒಮ್ಮೆ ಓದಿದ ಕಡತವನ್ನು ಯಂತ್ರ ತನ್ನ ಸ್ಮೃತಿಯಲ್ಲಿ ಇರಿಸಿಕೊಂಡು, ಎರಡನೆಯ ಬಾರಿ ಡಿಸ್ಕನ್ನು ಮುಟ್ಟದೆಯೇ ಒಪ್ಪಿಸಿಬಿಡುತ್ತದೆಯಾದ್ದರಿಂದ, ಪ್ರತಿ ಸರದಿಗೂ ಮುನ್ನ ಆ ಸ್ಮೃತಿಯನ್ನು ಬರಿದುಮಾಡಿಸಿದೆ. ಬರೆಯುವ ಪರೀಕ್ಷೆಯಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು: ‘ಬರೆದಾಯಿತು’ ಎಂದು ಲಿನಕ್ಸ್ ಹೇಳಿದ ಗಳಿಗೆಯಲ್ಲಿ ದತ್ತಾಂಶ ಇನ್ನೂ ಸ್ಮೃತಿಯಲ್ಲೇ ಇದ್ದು, ಡಿಸ್ಕಿಗೆ ಇಳಿಯಲು ಮೂವತ್ತು ಸೆಕೆಂಡು ಹಿಡಿದರೂ ಆಶ್ಚರ್ಯವಿಲ್ಲ, ಅಷ್ಟರೊಳಗೆ ಕರೆಂಟು ಹೋದರೆ ಬರೆದದ್ದು ಹೋದಂತೆಯೇ. ಎಫ್‌ಸಿಂಕ್ ಎಂಬ ಆಜ್ಞೆ ಕೊಟ್ಟು, ‘ಡಿಸ್ಕಿಗೆ ಇಳಿಸಿ ಅನಂತರ ಹೇಳು’ ಎಂದು ಎರಡಕ್ಕೂ ಸಮಾನವಾಗಿ ಕಟ್ಟುಮಾಡದೆ ಹೋದರೆ, ನಿಲ್ದಾಣ ಬಿಟ್ಟು ಓಡಿದ ಗಾಡಿಗೇ ಪದಕ ಸಲ್ಲುತ್ತದೆ. ಇದರ ಮೇಲೆ ಬಿಕ್ಯಾಶ್-ಎಫ್‌ಎಸ್ ಪ್ರತಿಯೊಂದು ದತ್ತಾಂಶಕ್ಕೂ ಅದು ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ತಾಳೆಯಂಕಿಯೊಂದನ್ನು ಲೆಕ್ಕಹಾಕಿ ಇಟ್ಟುಕೊಳ್ಳುತ್ತದೆ. ಇಎಕ್ಸ್‌ಟಿ-4 ತನ್ನ ಲೆಕ್ಕದ ಪುಸ್ತಕಕ್ಕೆ ಮಾತ್ರ ಆ ಕಾವಲನ್ನು ಇಡುತ್ತದೆ. ಹೊತ್ತ ಹೊರೆಯನ್ನು ತೂಗದೆ ನಡೆದ ವೇಗವನ್ನಷ್ಟೇ ಅಳೆಯುವುದು ಹೊಸದಕ್ಕೆ ಮಾಡುವ ಅನ್ಯಾಯವೆಂದೇ ನನ್ನ ದೃಢವಾದ ನಂಬಿಕೆ.

ಈ ವ್ಯಾಜ್ಯ ಹೊಸದಲ್ಲ. ಬರೆಯುವುದನ್ನೆಲ್ಲ ದಿನಚರಿಯಂತೆ ಒಂದರ ಹಿಂದೊಂದಾಗಿ ಸೇರಿಸುತ್ತ ಹೋಗುವ ಪದ್ಧತಿಯನ್ನು 1991ರಲ್ಲಿ ಮಂಡಿಸಿದ ಬರ್ಕ್ಲಿಯ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಜಾನ್ ಔಸ್ಟರ್‌ಹೌಟ್, ಅದು ಡಿಸ್ಕಿನ ಬರವಣಿಗೆಯ ಸಾಮರ್ಥ್ಯದಲ್ಲಿ ಶೇ. 70ರಷ್ಟನ್ನು ಬಳಸಬಲ್ಲುದೆಂದೂ, ಅಂದಿನ ಯುನಿಕ್ಸ್ ವ್ಯವಸ್ಥೆಗಳು ಶೇ. 5ರಿಂದ 10ನ್ನು ಮಾತ್ರ ಬಳಸುತ್ತವೆಂದೂ ಸಾರಿದರು. ಅದೇ ತತ್ತ್ವವನ್ನು ಬಿಎಸ್‌ಡಿ ಯುನಿಕ್ಸಿಗಾಗಿ ತಾವೇ ಬೇರೆಯಾಗಿ ರಚಿಸಿದ ಮಾರ್ಗೋ ಸೆಲ್ಟ್ಜರ್ ಮತ್ತು ಸಂಗಡಿಗರು, 1993ರಲ್ಲಿಯೂ 1995ರಲ್ಲಿಯೂ ಅದನ್ನು ಹಳೆಯದರೊಡನೆ ಹೋಲಿಸಿ, ಬ್ಯಾಂಕಿನ ವ್ಯವಹಾರವನ್ನು ಹೋಲುವ ಕೆಲಸದಲ್ಲಿ ಹಳೆಯ ನಮೂದುಗಳನ್ನು ಗುಡಿಸಿ ಜಾಗ ಮಾಡುವ ಖರ್ಚೇ ಅದರ ಲಾಭವನ್ನು ನುಂಗಬಲ್ಲುದೆಂದು ತೋರಿಸಿದರು. ಔಸ್ಟರ್‌ಹೌಟ್ ಒಪ್ಪಲಿಲ್ಲ, ದೋಷವಿರುವುದು ರಚನೆಯಲ್ಲಿ, ತತ್ತ್ವದಲ್ಲಲ್ಲ, ಆರಿಸಿಕೊಂಡ ಪರೀಕ್ಷೆಗಳೂ ಯುಕ್ತವಾದುವಲ್ಲ ಎಂದು ಆಕ್ಷೇಪಿಸಿದರು. ಸೆಲ್ಟ್ಜರ್ ಅದಕ್ಕೂ ಉತ್ತರ ಕೊಟ್ಟರು. ನನಗೆ ಇಬ್ಬರ ಮಾತಿನಲ್ಲೂ ಸತ್ಯ ಕಾಣುತ್ತದೆ. ಇಬ್ಬರೂ ತಮ್ಮ ವಿಧಾನವನ್ನು ಮರೆಮಾಚದೆ ಬರೆದಿಟ್ಟದ್ದರಿಂದಲ್ಲವೆ, ಆ ವಾದವೇ ಸಾಧ್ಯವಾದುದು? ಎಲ್ಲರೂ ಹಾಗೆ ಬರೆದಿಡುವುದಿಲ್ಲ. 2008ರಲ್ಲಿ ಅವಿಶಾಯ್ ಟ್ರೇಗರ್, ಎರೆಜ್ ಜಡೋಕ್ ಮೊದಲಾದವರು 106 ಪ್ರಬಂಧಗಳಲ್ಲಿನ 415 ಪರೀಕ್ಷೆಗಳನ್ನು ಪರಿಶೀಲಿಸಿ, ಜನಪ್ರಿಯವಾದವುಗಳಲ್ಲಿ ಬಹುಪಾಲು ದೋಷಯುಕ್ತವೆಂದು ಕಂಡರು.

ಆರಿಸಿದ ಪರೀಕ್ಷೆಯೇ ತೀರ್ಪನ್ನು ಬರೆದುಬಿಡುತ್ತದೆಂಬುದಕ್ಕೆ ನಮ್ಮ ಬೆಂಗಳೂರಿನ ಎಂಜಿನಿಯರುಗಳು ಬೆಳೆಸಿದ, 2011ರಲ್ಲಿ ರೆಡ್ ಹ್ಯಾಟ್ ಕಂಪನಿ ಕೊಂಡುಕೊಂಡ ಗ್ಲಸ್ಟರ್ ಎಂಬ ಫೈಲ್ ಸಿಸ್ಟಮೇ ಸಾಕ್ಷಿ: ದೊಡ್ಡ ಕಡತಗಳನ್ನು ಕೊಟ್ಟರೆ ಅದು ಗೆಲ್ಲುತ್ತದೆ, ಲಕ್ಷಾಂತರ ಚಿಕ್ಕ ಕಡತಗಳನ್ನು ಕೊಟ್ಟರೆ ಏದುಸಿರುಬಿಡುತ್ತದೆ.

ಹುಡುಗನಿಗೆ ಹೇಳುವುದು ಇನ್ನೊಂದು ಉಳಿದಿತ್ತು. ಹೊಸ ಡಿಸ್ಕಿನಲ್ಲಿ ಎಲ್ಲ ಫೈಲ್ ಸಿಸ್ಟಮುಗಳೂ ಚೆನ್ನಾಗಿಯೇ ಓಡುತ್ತವೆ; ವರ್ಷಗಟ್ಟಲೆ ತುಂಬಿ ಅಳಿಸಿ ಚಿಂದಿಯಾದ ಡಿಸ್ಕಿನಲ್ಲಿ ಹೇಗೆ ಓಡುತ್ತವೆಂಬುದೇ ಮುಖ್ಯವೆಂದು ಕೀತ್ ಸ್ಮಿತ್ ಮತ್ತು ಅದೇ ಸೆಲ್ಟ್ಜರ್ 1997ರಲ್ಲಿ ಬರೆದರು. ಅದನ್ನು ಕೇಳಿದ ರಾತ್ರಿಯೇ ಅವನು ಎರಡು ಪಾಲುಗಳನ್ನೂ ಐದರಲ್ಲಿ ನಾಲ್ಕು ಭಾಗ ತುಂಬಿಸಿ, ಅಳಿಸಿ, ಮತ್ತೆ ತುಂಬಿಸುವ ಪ್ರೋಗ್ರಾಮೊಂದನ್ನು ಹಚ್ಚಿಟ್ಟ. ಮೂರು ರಾತ್ರಿ ಆ ಡಿಸ್ಕಿನ ಕಿರಕಿರ ಸದ್ದು ಮಳೆಯ ಸದ್ದಿನೊಡನೆ ಬೆರೆತು ಪಕ್ಕದ ಕೋಣೆಯಿಂದ ಕೇಳುತ್ತಲೇ ಇತ್ತು. ಅಂಕಿಗಳ ಹಾಳೆಯಲ್ಲಿ ಹಳೆಯ ತೀರ್ಪನ್ನು ಅವನು ಆಗಲೇ ಹೊಡೆದುಹಾಕಿದ್ದ, ಹೊಸದನ್ನು ಇನ್ನೂ ಬರೆದಿರಲಿಲ್ಲ.