ಸಮಾಜ ವಿಜ್ಞಾನ ತರಗತಿಯಲ್ಲಿ ಪ್ರಚಲಿತ ವಿದ್ಯಮಾನಗಳ ಬೋಧನೆ

ಪ್ರಚಲಿತ ವಿದ್ಯಮಾನಗಳ ಬೋಧನೆ ಎಂದರೆ ದಿನಪತ್ರಿಕೆ, ಆಕಾಶವಾಣಿ, ದೂರದರ್ಶನ ಮೊದಲಾದ ಮಾಧ್ಯಮಗಳಲ್ಲಿ ಬಂದ ಸುದ್ದಿಯನ್ನು ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ ಹಾಗೂ ಅರ್ಥಶಾಸ್ತ್ರದ ಪಾಠಗಳೊಂದಿಗೆ ಜೋಡಿಸಿ ಕಲಿಸುವ ಕ್ರಮ. ಪಠ್ಯಪುಸ್ತಕದ ವಾಕ್ಯಕ್ಕೂ ಪತ್ರಿಕೆಯ ಸುದ್ದಿಗೂ ಅಂತರ ಬಿದ್ದಾಗ ಇದರ ಅಗತ್ಯ ಹೆಚ್ಚು ಸ್ಪಷ್ಟವಾಗುತ್ತದೆ. ಶಿವಮೊಗ್ಗ ನಗರ ಮತ್ತು ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿ ಇದಕ್ಕೆ ಉತ್ತಮ ನಿದರ್ಶನಗಳನ್ನು ಒದಗಿಸುತ್ತವೆ.

ಹಿನ್ನೆಲೆ

ಕರ್ನಾಟಕದ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ವಿದ್ಯಾರ್ಥಿಯೊಬ್ಬನು ದಿನದ ಸುದ್ದಿಯನ್ನು ಓದುವ ರೂಢಿ ಹಳೆಯದು. ಮುಖ್ಯಾಂಶಗಳನ್ನು ಓದಿ ಮುಗಿಸುವುದರೊಂದಿಗೆ ಆ ವಿಷಯ ಅಲ್ಲಿಗೇ ನಿಲ್ಲುವುದುಂಟು; ಇಲ್ಲವೇ ಅದು ಸ್ಪರ್ಧಾತ್ಮಕ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಸಾಮಾನ್ಯ ಜ್ಞಾನವಾಗಿ ಉಳಿಯುತ್ತದೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005, ಶಾಲೆಯ ಜ್ಞಾನವನ್ನು ಹೊರಗಿನ ಬದುಕಿನೊಂದಿಗೆ ಬೆಸೆಯುವುದನ್ನು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದೆಂದು ಹೇಳಿತು. ಸುದ್ದಿಯನ್ನು ಪ್ರಾರ್ಥನೆಯ ಅಂಗಳದಿಂದ ತರಗತಿಯ ಒಳಕ್ಕೆ ತರಲು ಇದು ಆಧಾರವಾಗುತ್ತದೆ.

ಭದ್ರಾವತಿಯ ಉದಾಹರಣೆ

ಕರ್ನಾಟಕದ ಕೈಗಾರಿಕೆಗಳ ಪಾಠದಲ್ಲಿ ಭದ್ರಾವತಿಯು ಕಬ್ಬಿಣ ಮತ್ತು ಉಕ್ಕಿನ ಕೇಂದ್ರವೆಂದು ಹೆಸರಾಗಿದೆ. ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಈ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು, ಈ ಮೂರೂ ಹತ್ತಿರದಲ್ಲಿದ್ದುದರಿಂದ ಕಾರ್ಖಾನೆ ಅಲ್ಲಿ ನೆಲೆಗೊಂಡಿತು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಬಂಡವಾಳ ಹಿಂತೆಗೆತದ ಪ್ರಯತ್ನವನ್ನು 2022ರಲ್ಲಿ ಕೈಬಿಡಲಾಯಿತು. 2023ರ ಜನವರಿಯಲ್ಲಿ, ಅಂದರೆ ಶತಮಾನೋತ್ಸವದ ವರ್ಷದಲ್ಲಿಯೇ, ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು; ಕಾರ್ಮಿಕರು ಪ್ರತಿಭಟನೆಗೆ ಇಳಿದರು.

ಪುಸ್ತಕದಲ್ಲಿ ‘ಇದೆ’ ಎಂದಿರುವುದನ್ನು ಪತ್ರಿಕೆ ‘ಮುಚ್ಚಲಿದೆ’ ಎಂದಾಗ ವಿದ್ಯಾರ್ಥಿ ಯಾವುದನ್ನು ನಂಬಬೇಕು? ಪರೀಕ್ಷೆಗೆ ಪುಸ್ತಕವೇ ಪ್ರಮಾಣ ಎಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಈ ವಿರೋಧವೇ ಪಾಠದ ಬೀಜ. ಕೈಗಾರಿಕೆಯ ಸ್ಥಾನೀಕರಣಕ್ಕೆ ಕಾರಣವಾದ ಅಂಶಗಳನ್ನು ಕಪ್ಪುಹಲಗೆಯ ಒಂದು ಬದಿಯಲ್ಲಿ ಬರೆದು, ಅವುಗಳಲ್ಲಿ ಇಂದು ಯಾವುವು ಉಳಿದಿವೆ ಎಂದು ಕೇಳಬಹುದು. ಸ್ವಂತ ಗಣಿಯಿಲ್ಲದ ಕಾರ್ಖಾನೆಯ ಕಷ್ಟ, ಕಾಡಿನ ಇದ್ದಿಲಿನ ಕಾಲ ಮುಗಿದುದು, ದೊಡ್ಡ ಕಾರ್ಖಾನೆಗಳ ಪೈಪೋಟಿ, ಸಾರ್ವಜನಿಕ ಉದ್ಯಮದ ಬಗೆಗಿನ ನೀತಿಯ ಬದಲಾವಣೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಎರಡು ಮೂರು ಪತ್ರಿಕೆಗಳ ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಯಾವುದು ಸಂಗತಿ, ಯಾವುದು ಅಭಿಪ್ರಾಯ, ಆಡಳಿತ ಮಂಡಳಿಯ ಮಾತು ಎಷ್ಟು, ಕಾರ್ಮಿಕರ ಮಾತು ಎಷ್ಟು ಎಂದು ಗುರುತಿಸುವ ಅಭ್ಯಾಸವನ್ನೂ ಮಾಡಿಸಬಹುದು. ಇದೇ ಊರಿನ ಮೈಸೂರು ಕಾಗದ ಕಾರ್ಖಾನೆಯು ಒಂದು ಕಾಲದಲ್ಲಿ ಪತ್ರಿಕೆಗಳಿಗೆ ಬೇಕಾದ ಸುದ್ದಿಕಾಗದವನ್ನೇ ತಯಾರಿಸುತ್ತಿತ್ತು. ಅದರ ಉತ್ಪಾದನೆಯೂ ನಿಂತಿದೆ.

ಮುಚ್ಚುವ ನಿರ್ಧಾರ ಹೊರಬಿದ್ದ ಮರುತಿಂಗಳು, 27 ಫೆಬ್ರವರಿ 2023ರಂದು, ಶಿವಮೊಗ್ಗದ ಸಮೀಪದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಒಂದೇ ಜಿಲ್ಲೆಯ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿಸಿದರೆ ‘ಅಭಿವೃದ್ಧಿ’ ಎಂಬ ಪದದ ಅರ್ಥವನ್ನು ನಿಘಂಟಿನ ನೆರವಿಲ್ಲದೆ ಚರ್ಚಿಸಬಹುದು.

ಇಲ್ಲಿ ಎಚ್ಚರವೊಂದು ಅಗತ್ಯ. ಭದ್ರಾವತಿಯ ತರಗತಿಯಲ್ಲಿ ಈ ಸುದ್ದಿ ದೂರದ ಸಂಗತಿಯಲ್ಲ. ಗುತ್ತಿಗೆ ಕಾರ್ಮಿಕರ ಮಕ್ಕಳು ಅದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ‘ನಿನ್ನ ತಂದೆಗೆ ಕೆಲಸ ಹೋಯಿತೇ?’ ಎಂದು ಎಲ್ಲರೆದುರು ಕೇಳುವುದು ಬೋಧನೆಯಲ್ಲ, ನೋಯಿಸುವಿಕೆ. ಮಗು ತಾನಾಗಿ ಹೇಳಿದರೆ ಕೇಳಬೇಕು. ಹೇಳದಿದ್ದರೆ ಚರ್ಚೆಯನ್ನು ದಾಖಲೆಗಳ ಮೇಲೆಯೇ ನಡೆಸಬೇಕು.

ವಿವಾದಾಸ್ಪದ ವಿಷಯಗಳು

2022ರಲ್ಲಿ ಶಿವಮೊಗ್ಗ ನಗರದಲ್ಲಿ ಅಶಾಂತಿಯ ಕಾರಣ ನಿಷೇಧಾಜ್ಞೆ ಜಾರಿಯಾಗಿ ಶಾಲೆಗಳು ಮುಚ್ಚಿದ್ದವು. ಅಂತಹ ದಿನಗಳ ನಂತರ ತರಗತಿಗೆ ಮರಳಿದ ಮಕ್ಕಳ ಮನಸ್ಸಿನಲ್ಲಿ ಇರುವುದು ಆ ಸುದ್ದಿಯೇ. ಅದನ್ನು ಮುಟ್ಟದಿರುವುದೂ ಒಂದು ಬಗೆಯ ಬೋಧನೆಯಾಗಿ ಪರಿಣಮಿಸುತ್ತದೆ. ಬಿಟ್ಟ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಯಾರದು ತಪ್ಪು ಎಂಬ ತೀರ್ಪಿಗಿಂತ ಕಾನೂನಿನ ಪ್ರಶ್ನೆಗಳಿಂದ ಆರಂಭಿಸುವುದು ಕ್ಷೇಮಕರ: ನಿಷೇಧಾಜ್ಞೆಯನ್ನು ಹೊರಡಿಸುವ ಅಧಿಕಾರ ಯಾರಿಗಿದೆ, ಎಷ್ಟು ಕಾಲಕ್ಕೆ, ಸಭೆ ಸೇರುವ ಸ್ವಾತಂತ್ರ್ಯಕ್ಕೆ ಸಂವಿಧಾನದ 19ನೆಯ ವಿಧಿ ಯಾವ ಮಿತಿ ಹಾಕಿದೆ? ಆಗ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಸೆಕ್ಷನ್ ಎನಿಸಿದ್ದ ಈ ಅಧಿಕಾರವು 1 ಜುಲೈ 2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಸೆಕ್ಷನ್ ಅಡಿಯಲ್ಲಿದೆ. ಹಳೆಯ ಟಿಪ್ಪಣಿಯಿಂದಲೇ ಪಾಠ ಮಾಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಶಿಕ್ಷಕರು ಸ್ವಂತ ರಾಜಕೀಯ ನಿಲುವನ್ನು ಹೇಳಬಹುದೇ ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಇದೆ. ಜರ್ಮನಿಯ ಬಾಯ್ಟೆಲ್ಸ್‌ಬಾಖ್‌ನಲ್ಲಿ 1976ರಲ್ಲಿ ಮೂಡಿದ ಒಮ್ಮತವು ವಿದ್ಯಾರ್ಥಿಯ ಮೇಲೆ ಅಭಿಪ್ರಾಯ ಹೇರಬಾರದು, ಸಮಾಜದಲ್ಲಿ ವಿವಾದವಾಗಿರುವುದನ್ನು ತರಗತಿಯಲ್ಲಿಯೂ ವಿವಾದವಾಗಿಯೇ ಮಂಡಿಸಬೇಕು, ವಿದ್ಯಾರ್ಥಿಯು ತನ್ನ ಹಿತವನ್ನು ತಾನೇ ವಿಶ್ಲೇಷಿಸಲು ಶಕ್ತನಾಗಬೇಕು ಎನ್ನುತ್ತದೆ. ಎರಡನೆಯ ಮಾತಿಗೆ ಒಂದು ಮಿತಿ ಸೇರಿಸಬೇಕು: ಸಾಬೀತಾದ ಸಂಗತಿಯನ್ನು ಎರಡು ಪಕ್ಷಗಳ ವಾದವೆಂಬಂತೆ ತೂಗಬಾರದು.

ತೊಡಕುಗಳು

ಪಠ್ಯವನ್ನು ಮುಗಿಸುವ ಒತ್ತಡ, ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ, ಮುಕ್ಕಾಲು ಗಂಟೆಯ ಅವಧಿ ಇವು ಎಲ್ಲರಿಗೂ ತಿಳಿದ ಅಡೆತಡೆಗಳು. ಇವುಗಳಿಗಿಂತ ಹೊಸದಾದುದು ಮೊಬೈಲಿನಲ್ಲಿ ಹರಿದುಬರುವ ಮೂಲವಿಲ್ಲದ ಸಂದೇಶ. ವಿದ್ಯಾರ್ಥಿ ತಂದ ಸುದ್ದಿಯ ಜೊತೆಗೆ ಪ್ರಕಟಿಸಿದವರ ಹೆಸರು ಮತ್ತು ದಿನಾಂಕವನ್ನು ಬರೆಯಿಸುವ ನಿಯಮವಿಟ್ಟರೆ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ. ಕತ್ತರಿಸಿ ಅಂಟಿಸಿದ ಸುದ್ದಿಯನ್ನು ಕೆಲವು ತಿಂಗಳ ನಂತರ ಮತ್ತೆ ತೆಗೆದು, ಮುಂದೆ ಏನಾಯಿತು ಎಂದು ಹುಡುಕಿಸುವುದೂ ಉಪಯುಕ್ತ. ಮುಚ್ಚುವ ನಿರ್ಧಾರವಾಗಿದ್ದ ಭದ್ರಾವತಿಯ ಕಾರ್ಖಾನೆಯ ಕೆಲವು ವಿಭಾಗಗಳು 2023ರ ಆಗಸ್ಟ್‌ನಲ್ಲಿ ಮತ್ತೆ ಕೆಲಸ ಆರಂಭಿಸಿದುದು ಜನವರಿಯ ಕತ್ತರಿಕೆಯಲ್ಲಿ ಸಿಗುವುದಿಲ್ಲ.