ನೀರು ಬೇಡುವ ಬಳ್ಳಿ, ನೀರಿಗೇ ಸಾಯುವ ಬಳ್ಳಿ

ಎಲೆಬಳ್ಳಿಯ ಬುಡ ನಾಲ್ಕು ದಿನ ಒಣಗಿದರೆ ಎಲೆ ಸೊರಗುತ್ತದೆ. ಅದೇ ಬುಡದಲ್ಲಿ ನಾಲ್ಕು ದಿನ ನೀರು ನಿಂತರೆ ಬಳ್ಳಿಯೇ ಹೋಗುತ್ತದೆ. ವೀಳ್ಯದೆಲೆ ಬೆಳೆಯುವವರ ಜಾಣತನವೆಲ್ಲ ಈ ಎರಡರ ನಡುವಿನ ಸಣ್ಣ ಜಾಗದಲ್ಲಿದೆ. ಮಂಡ್ಯ, ಮದ್ದೂರು, ಮಳವಳ್ಳಿಯಂಥ ನಾಲೆ ಬಯಲಿನಲ್ಲಂತೂ ಆ ಜಾಗ ಇನ್ನೂ ಕಿರಿದು. ನಾಲೆ ಬಿಟ್ಟಾಗ ಎಲ್ಲೆಲ್ಲೂ ನೀರು, ನಿಲ್ಲಿಸಿದಾಗ ಕೊಳವೆಬಾವಿಯೇ ಗತಿ.

ಸಸ್ಯವಿಜ್ಞಾನಿಗಳು ಪೈಪರ್ ಬೀಟಲ್ ಎನ್ನುವ ಈ ಬಳ್ಳಿ ಕರಿಮೆಣಸಿನ ದಾಯಾದಿ. ತವರು ಆಗ್ನೇಯ ಏಷ್ಯಾದ ಮಳೆಕಾಡು. ಅಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದೂ ಹೆಚ್ಚುಕಡಿಮೆ ವರ್ಷವಿಡೀ ಹಂಚಿಕೊಂಡು. ನೆಲಕ್ಕೆ ತಲುಪುವ ಬಿಸಿಲು ಚೂರುಪಾರು. ಮಂಡ್ಯದ ಮಳೆಯೋ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಸುರಿದು ಮುಗಿಯುತ್ತದೆ. ಮಾರ್ಚ್ ಬಂತೆಂದರೆ ಗಾಳಿಯಲ್ಲೂ ಪಸೆ ಇರುವುದಿಲ್ಲ. ಹಾಗಾಗಿ ಇಲ್ಲಿ ಎಲೆತೋಟ ಮಾಡುವುದೆಂದರೆ ಮಳೆಕಾಡಿನ ಒಂದು ತುಂಡನ್ನು ಕೈಯಾರೆ ಕಟ್ಟಿ, ಅದನ್ನು ದಿನವೂ ಕಾಯುವುದು. ಕಬ್ಬು, ಭತ್ತಕ್ಕೆ ಈ ಮಾತು ಹೇಳುವಂತಿಲ್ಲ. ಅವನ್ನು ಬಟಾಬಯಲಿನಲ್ಲಿ ಬಿಸಿಲಿಗೆ ಬಿಟ್ಟು ನೀರು ಕೊಟ್ಟರೆ ಸಾಕು.

ಕಾಡು ಕಟ್ಟುವ ಕೆಲಸ ಬಳ್ಳಿಯಿಂದ ಶುರುವಾಗುವುದಿಲ್ಲ, ಮರದಿಂದ ಶುರುವಾಗುತ್ತದೆ. ಹಳೇ ಮೈಸೂರಿನ ಎಲೆತೋಟಗಳಲ್ಲಿ ಬಳ್ಳಿಗೆ ಕೆಲವು ತಿಂಗಳು ಮೊದಲೇ ಸಾಲಿನಲ್ಲಿ ಚೊಗಚೆ ಬೀಜ ಹಾಕುತ್ತಾರೆ. ಅಗಸೆ ಅಂದರೂ ಅದೇ. ಚೊಗಚೆ ಬೇಗ ಎತ್ತರಕ್ಕೆ ಹೋಗುತ್ತದೆ; ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ; ಗರಿಯಂಥ ಸಣ್ಣೆಲೆಗಳ ಸಂದಿಯಿಂದ ಬಿಸಿಲು ಸೋಸಿ ಇಳಿಯುತ್ತದೆ. ಕಡಿದ ಸೊಪ್ಪು ದನಕ್ಕಾಯಿತು, ಹೂವು ಪಲ್ಯಕ್ಕಾಯಿತು. ಹಾಲುವಾಣ, ನುಗ್ಗೆಗೂ ಹಬ್ಬಿಸುವುದುಂಟು. ಹಾಲುವಾಣದ ಮೇಲಿನ ಭರವಸೆ ಮಾತ್ರ ಈಗ ಕುಗ್ಗಿದೆ: 2005ರ ಆಚೀಚೆ ದಕ್ಷಿಣ ಭಾರತಕ್ಕೆ ಬಂದ ಒಂದು ಪುಟ್ಟ ಕಣಜ ಅದರ ಚಿಗುರಿನಲ್ಲಿ ಮೊಟ್ಟೆಯಿಟ್ಟು, ಎಲೆಯನ್ನೆಲ್ಲ ಗಂಟುಗಂಟಾಗಿಸಿ ಮರವನ್ನೇ ಸೊರಗಿಸಿಬಿಟ್ಟಿತು. ಹಳೆಯ ತೆಂಗಿನ ತೋಟವಿದ್ದವರಿಗೆ ಅರ್ಧ ಕೆಲಸ ಆಗಲೇ ಆಗಿರುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಕಳಿಸುವ ತೋಟದ ನೆರಳೇ ಎಲೆಬಳ್ಳಿಗೂ ಆಗಿಬರುತ್ತದೆ.

ನೆರಳು ಏಕೆ ಬೇಕೆಂಬುದು ಎಲೆಯನ್ನೇ ನೋಡಿದರೆ ತಿಳಿಯುತ್ತದೆ. ಒಂದೇ ಬಳ್ಳಿಯಲ್ಲಿ ಬಿಸಿಲಿಗೆ ಸಿಕ್ಕ ಎಲೆ ಚಿಕ್ಕದು, ದಪ್ಪ, ಹಳದಿ ಛಾಯೆಯದು. ನೆರಳಿನ ಎಲೆ ಅಗಲ, ತೆಳು, ಕಡುಹಸಿರು. ಕಾಡಿನ ತಳದ ಗಿಡಗಳ ಎಲೆಗೆ ಸ್ವಲ್ಪ ಬೆಳಕಿನಲ್ಲೇ ಅಡುಗೆ ಮುಗಿದುಹೋಗುತ್ತದೆ. ಅದಕ್ಕೂ ಮೀರಿ ಬಿದ್ದ ಬೆಳಕು ಉಪಯೋಗಕ್ಕೆ ಬರುವುದಿರಲಿ, ಬೆಳಕು ಹಿಡಿಯುವ ಯಂತ್ರವನ್ನೇ ಕೆಡಿಸುತ್ತದೆ. ಹಾಗೆಂದು ಕಗ್ಗತ್ತಲೂ ಸಲ್ಲದು. ಮಳೆಗಾಲದ ಮುಂಚೆ ಚೊಗಚೆಯ ಕೊಂಬೆ ಸವರುವುದು ಬೆಳಕಿಗಾಗಿ ಮಾತ್ರವಲ್ಲ, ಎಲೆಗಳ ನಡುವೆ ಗಾಳಿಯಾಡಿ ಒದ್ದೆ ಬೇಗ ಆರಲಿ ಎಂದೂ ಹೌದು.

ಇನ್ನು ಏರುವ ಬಗೆ. ಹೀರೆ, ಹಾಗಲದ ಬಳ್ಳಿಗೆ ಸುರುಳಿ ಇರುತ್ತದೆ, ಅವರೆ ತಾನೇ ಸುತ್ತಿಕೊಂಡು ಹತ್ತುತ್ತದೆ. ಎಲೆಬಳ್ಳಿ ಇವೆರಡೂ ಅಲ್ಲ. ಅದರ ಪ್ರತಿ ಗಿಣ್ಣಿನಿಂದಲೂ ಗಿಡ್ಡ ಬೇರುಗಳು ಹೊರಟು ತೊಗಟೆಯನ್ನು ಅಪ್ಪಿಕೊಳ್ಳುತ್ತವೆ. 1865ರಲ್ಲಿ ಹಬ್ಬುವ ಗಿಡಗಳ ಬಗ್ಗೆ ದೀರ್ಘ ಪ್ರಬಂಧ ಬರೆದ ಚಾರ್ಲ್ಸ್ ಡಾರ್ವಿನ್ ಬೇರಿನಿಂದ ಏರುವವನ್ನು ಬೇರೆಯೇ ಗುಂಪಾಗಿ ಇಟ್ಟಿದ್ದ. ಗೋಡೆಗೆ ಹಬ್ಬುವ ಅತ್ತಿ ಜಾತಿಯ ಒಂದು ಬಳ್ಳಿಯ ಬೇರುಗಳನ್ನು ಗಾಜಿನ ಚೂರಿಗೆ ಒತ್ತಿಟ್ಟು, ಕೆಲವು ದಿನಗಳಲ್ಲಿ ಅವು ಅಂಟಂಟಾದ ತಿಳಿಹನಿ ಒಸರುವುದನ್ನು ಕಂಡಿದ್ದ. ಇಂಥ ಬೇರು ಮರದ ರಸ ಹೀರುವುದಿಲ್ಲ, ಹಿಡಿತಕ್ಕಷ್ಟೇ ಇರುವುದು. ಬಳ್ಳಿ ಹಬ್ಬಿಸಿದರೆ ತೆಂಗು ಬಡವಾಗುತ್ತದೆ ಎಂಬ ಭಯಕ್ಕೆ ಕಾರಣವಿದ್ದರೆ ಅದು ಬುಡದಲ್ಲಿ ನೀರು ಗೊಬ್ಬರದ ಪೈಪೋಟಿ, ಕಾಂಡದ ಮೇಲಿನ ಬೇರಲ್ಲ.

ಮಳೆಕಾಡಿನ ಬಳ್ಳಿಗೆ ಮೊದಲ ಕಷ್ಟ ಏರಲು ಮರವನ್ನು ಹುಡುಕುವುದು. ಕೋಸ್ಟರಿಕಾದಲ್ಲಿ ಮಾನ್ಸ್ಟೆರಾ ಎಂಬ ಬಳ್ಳಿಯ ಸಸಿಗಳನ್ನು ಗಮನಿಸಿದ ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ, ಅವು ಬೆಳಕಿನ ಕಡೆಗಲ್ಲ, ಕತ್ತಲೆಯ ಕಡೆಗೆ ತೆವಳುತ್ತವೆ ಎಂದು 1975ರಲ್ಲಿ ತೋರಿಸಿದರು. ಕಾಡಿನಲ್ಲಿ ಹತ್ತಿರದ ದೊಡ್ಡ ಕಪ್ಪು ಎಂದರೆ ಮರದ ಬೊಡ್ಡೆಯೇ. ನಮ್ಮ ಎಲೆಬಳ್ಳಿಗೆ ಆ ಹುಡುಕಾಟದ ಪಾಡಿಲ್ಲ. ಕುಡಿಯನ್ನು ಮರದ ಬುಡಕ್ಕೇ ತಂದು ನೆಟ್ಟು, ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ, ಗೇಣು ಗೇಣು ಬೆಳೆದಂತೆ ಮತ್ತೆ ಮತ್ತೆ ಕಟ್ಟುತ್ತ ಹೋಗುವವರು ಇದ್ದಾರೆ. ಗಿಣ್ಣು ತೊಗಟೆಗೆ ತಾಗಿದರೆ ಮಾತ್ರ ಬೇರು ಹಿಡಿಯುತ್ತದೆ. ಬೇರು ಹಿಡಿಯದ ಬಳ್ಳಿಯ ಎಲೆ ಅಗಲವಾಗುವುದಿಲ್ಲ.

ಈ ಬಳ್ಳಿಗೆ ಬೀಜದ ಸಂಸಾರವೂ ಇಲ್ಲ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ತೋಟದಲ್ಲಿ ಹೂವನ್ನು ಕಾಯುವವರು ಯಾರೂ ಇಲ್ಲ. ತುದಿ ಕಡೆಯ ಮೂರು, ನಾಲ್ಕು ಗಿಣ್ಣಿನ ಕುಡಿ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ಆಯಿತು. ಕುಡಿ ಆರಿಸುವಾಗ ಮರಕ್ಕೆ ಅಂಟಿ ಮೇಲಕ್ಕೆ ಹೋಗುವ ಕಾಂಡವನ್ನೇ ನೋಡಬೇಕು. ದಾಯಾದಿ ಮೆಣಸಿನಲ್ಲಿ ಪಕ್ಕದ ರೆಂಬೆಯನ್ನು ಬೇರು ಬರಿಸಿದರೆ ಅದು ಹತ್ತುವುದೇ ಇಲ್ಲ, ಪೊದೆಯಾಗಿ ಕೂರುತ್ತದೆ. ಕುಂಡದಲ್ಲಿ ಬೆಳೆಸುವ ಪೊದೆಮೆಣಸು ಹಾಗೆ ಹುಟ್ಟಿದ್ದು. ಬಳ್ಳಿ ಕೈಗೆ ಎಟುಕದಷ್ಟು ಏರಿದಾಗ ಬಿಡಿಸಿ ಇಳಿಸಿ, ಎಲೆ ಕೊಯ್ದ ಬರಿಕಾಂಡವನ್ನು ಬುಡದಲ್ಲಿ ಸುತ್ತಿ ಮಣ್ಣು, ಗೊಬ್ಬರ ಮುಚ್ಚಿ, ತುದಿಯನ್ನು ಮತ್ತೆ ಮರಕ್ಕೆ ಕಟ್ಟುತ್ತಾರೆ. ಮಣ್ಣಿನೊಳಗಿನ ಗಿಣ್ಣುಗಳೆಲ್ಲ ಹೊಸ ಬೇರು ಬಿಡುತ್ತವೆ. ಹಳೆಯ ಬಳ್ಳಿ ಹೀಗೆ ವರ್ಷವರ್ಷವೂ ಎಳೆಯದಾಗುತ್ತದೆ.

ಇದರಲ್ಲೊಂದು ಅಪಾಯವಿದೆ. ಕುಡಿಯಿಂದ ಕುಡಿ ಬಂದ ತೋಟವೆಂದರೆ ತಳಿಗುಣದಲ್ಲಿ ಎಲ್ಲ ಬಳ್ಳಿಯೂ ಒಂದೇ. ಒಂದನ್ನು ಕೊಂದ ರೋಗಕ್ಕೆ ಉಳಿದವು ತಡೆ ಒಡ್ಡುವ ಸಂಭವ ಕಡಿಮೆ. ಅದಕ್ಕೇ ಬುಡಕೊಳೆ ಬಂದರೆ ಸಾಲಿಗೆ ಸಾಲೇ ಹೋಗುವುದು.

ಬುಡಕೊಳೆಗೆ ಮುಖ್ಯ ಕಾರಣ ಫೈಟಾಫ್ತೊರಾ. ಅಡಿಕೆಯ ಕೊಳೆರೋಗ, 1840ರ ದಶಕದಲ್ಲಿ ಐರ್ಲೆಂಡನ್ನು ಹಸಿವಿಗೆ ನೂಕಿದ ಆಲೂಗಡ್ಡೆಯ ಅಂಗಮಾರಿ, ಎಲ್ಲ ಇದೇ ಕುಲದ ಕೆಲಸ. ನೋಡಲು ಬೂಸ್ಟು, ಆದರೆ ನಿಜವಾದ ಶಿಲೀಂಧ್ರವಲ್ಲ. ಕಡಲಿನ ಕಂದು ಪಾಚಿಗಳಿಗೆ ಹತ್ತಿರದ ಜೀವಿ. ಅದರ ಬೀಜಾಣುಗಳಿಗೆ ಎರಡೆರಡು ಬಾಲ, ಅವು ಈಜುತ್ತವೆ. ಬೇರಿನಿಂದ ಒಸರುವ ರಸದ ಜಾಡು ಹಿಡಿದು, ಮಣ್ಣಿನ ಕಣಗಳ ನಡುವೆ ನಿಂತ ನೀರಿನಲ್ಲಿ ಬೇರಿನ ಕಡೆಗೇ ಹೋಗುತ್ತವೆ. ಸ್ವಂತ ಶಕ್ತಿಯಿಂದ ಹೋಗುವುದು ಕೆಲವು ಸೆಂಟಿಮೀಟರ್ ಅಷ್ಟೇ. ಕಾಲುವೆಯಲ್ಲಿ ಹರಿವ ನೀರು ಸಿಕ್ಕರೆ ತೋಟದ ಈ ತುದಿಯಿಂದ ಆ ತುದಿಗೆ ಸವಾರಿ. ಬುಡ ಕಪ್ಪಾಗಿ, ಹಿಸುಕಿದರೆ ಲೋಳೆಯಾಗಿ, ಸಿಪ್ಪೆ ಕಳಚಿ ಬರುವಷ್ಟರಲ್ಲಿ ಮೇಲೆ ಎಲೆ ಜೋತುಬಿದ್ದಿರುತ್ತದೆ. ಬಾಡಿದ್ದನ್ನು ಕಂಡು ನೀರು ಸಾಲದೆಂದು ಇನ್ನಷ್ಟು ಕಟ್ಟುವುದು ಎಲ್ಲಕ್ಕಿಂತ ಕೆಟ್ಟ ಮದ್ದು.

ಇಲ್ಲಿ ಮಂಡ್ಯದ ಚರಿತ್ರೆಗೂ ಎಲೆಬಳ್ಳಿಗೂ ಒಂದು ಕೊಂಡಿ ಸಿಗುತ್ತದೆ. ಕೆನಡಾದ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಬೆಳೆಯ ರೋಗ, ಕೀಟಗಳ ತಜ್ಞನಾಗಿ. ಮಲೆನಾಡಿನ ಅಡಿಕೆ ಕೊಳೆರೋಗದ ಬೆನ್ನು ಹತ್ತಿ, ಅದು ಫೈಟಾಫ್ತೊರಾ ಎಂದು 1910ರಲ್ಲಿ ಬರೆದು, ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದವನು ಆತ. ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕನಾಗಿ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟುವುದಕ್ಕೂ ದುಡಿದ. ಆ ಕಬ್ಬಿಗೆ ನೀರು ತಂದದ್ದು ಕನ್ನಂಬಾಡಿಯಿಂದ ಹುಲಿಕೆರೆ ಸುರಂಗ ದಾಟಿ ಬರುವ, ಆಗ ಇರ್ವಿನ್ ನಾಲೆಯಾಗಿದ್ದ ವಿಶ್ವೇಶ್ವರಯ್ಯ ನಾಲೆ. ನಾಲೆ ಬಂದಲ್ಲಿ ಜೌಗೂ ಬಂತು. ತಗ್ಗಿನ ಗದ್ದೆಯ ಪಕ್ಕ ಎಲೆತೋಟ ಮಾಡುವವರು ಬಸಿಗಾಲುವೆ ತೋಡದೆ ಕುಡಿ ನೆಡಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಔಷಧಿಯ ಮಾತು ಆಮೇಲೆ.

ಔಷಧಿ ಎಂದರೆ ಇಂದಿಗೂ ಬೋರ್ಡೋವೇ. ಶೇಕಡಾ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲೂ, ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಿರಲಿ, ಕಬ್ಬಿಣದ್ದು ಬೇಡ. ತಿಳಿನೀಲಿ ಬಂದ ಮೇಲೆ ಉಜ್ಜಿ ಹೊಳಪಿಸಿದ ಕಬ್ಬಿಣದ ಚಾಕು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಅದು ಎಳೆ ಎಲೆಯನ್ನು ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಬೋರ್ಡೋ ಬೀಜಾಣು ಮೊಳೆಯುವುದನ್ನು ತಡೆಯುತ್ತದೆಯೇ ಹೊರತು ಕೊಳೆತ ಬಳ್ಳಿಯನ್ನು ಬದುಕಿಸುವುದಿಲ್ಲ. ಆದ್ದರಿಂದ ಮಳೆ ಹಿಡಿಯುವ ಮೊದಲೇ ಬುಡಕ್ಕೆ ಸುರಿಯಬೇಕು. ಎಲೆಯನ್ನು ಹಸಿಯಾಗಿ ಬಾಯಿಗೆ ಹಾಕಿಕೊಳ್ಳುವವರಿದ್ದಾರೆ ಎಂಬುದು ನೆನಪಿರಲಿ: ಸಿಂಪಡಿಸುವುದಿದ್ದರೆ ಕೊಯ್ಲು ಮುಗಿಸಿ ಸಿಂಪಡಿಸಿ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆಳೆಸಿ ಬುಡಕ್ಕೆ ಹಾಕುವವರು ಬೋರ್ಡೋ ಜತೆಗೇ ಹಾಕಬಾರದು. ತಾಮ್ರ ಅದನ್ನೂ ಕೊಲ್ಲುತ್ತದೆ.

ಎಲೆತೋಟಕ್ಕೆ ಚಪ್ಪಲಿ ಬಿಟ್ಟು ಹೋಗಬೇಕೆಂಬ ಕಟ್ಟಳೆ ಹಲವೆಡೆ ಇದೆ. ಬಳ್ಳಿ ಲಕ್ಷ್ಮಿಯೆಂಬ ಭಕ್ತಿ ಅದರ ಹಿಂದಿರುವುದು. ಕೊಳೆ ಬಂದ ತೋಟದ ಕೆಸರು ಚಪ್ಪಲಿಗೆ ಅಂಟಿ ಬೇರೆ ತೋಟ ಸೇರುವುದು ನಿಜವಾದ್ದರಿಂದ, ಈ ಕಟ್ಟಳೆ ಉಳಿಯಲಿ. ಮುಟ್ಟಾದ ಹೆಂಗಸರು ಕಾಲಿಟ್ಟರೆ ಬಳ್ಳಿ ಒಣಗುತ್ತದೆ ಎಂಬ ಇನ್ನೊಂದು ಕಟ್ಟಳೆಗೆ ಯಾವ ಆಧಾರವೂ ಇಲ್ಲ.

ಎಲೆಯ ಖಾರಕ್ಕೂ ಘಮಕ್ಕೂ ಕಾರಣ ಹೈಡ್ರಾಕ್ಸಿಚಾವಿಕಾಲ್, ಚಾವಿಬೆಟಾಲ್, ಲವಂಗದಲ್ಲೂ ಇರುವ ಯೂಜಿನಾಲ್ ಮುಂತಾದವು. ಇವು ಬಳ್ಳಿ ತನ್ನ ಕಾವಲಿಗೆ ತಯಾರಿಸಿಕೊಂಡ ರಾಸಾಯನಿಕಗಳು. ಯಾವುದು ಎಷ್ಟಿದೆ ಎಂಬುದರ ಮೇಲೆ ತಳಿಯ ರುಚಿ. ಭೌಗೋಳಿಕ ಗುರುತು ಪಡೆದ ಮೈಸೂರಿನ ಚಿಗುರೆಲೆ ಮೆದುವಾಗಿ, ನಯವಾಗಿ ಇರುವುದು ತಳಿ, ಮಣ್ಣು ಎರಡರಿಂದ. ವೀಳ್ಯಶಾಸ್ತ್ರಕ್ಕೆ, ಬೀಗರೂಟಕ್ಕೆ ಎಲೆ ಇರಲೇಬೇಕು, ಇರಲಿ. ದಿನವೂ ಜಗಿಯುವವರಿಗೆ ಮಾತ್ರ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದಿದೆ. ಅಲ್ಲಿ ಆರೋಪಿ ಅಡಿಕೆ, ಎಲೆಯಲ್ಲ.

ತೋಟವಿಲ್ಲದೆ ಮನೆಯ ಮುಂದೆ ಒಂದು ಬಳ್ಳಿ ಸಾಕೆನ್ನುವವರು ಜೂನ್, ಜುಲೈನಲ್ಲಿ ಕುಡಿ ತಂದು ನೆಡಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಗೋಡೆ ಒಳ್ಳೆಯದು; ಪಶ್ಚಿಮದ ಕಾಂಪೌಂಡ್ ಏಪ್ರಿಲ್‌ನಲ್ಲಿ ಕಾದು ಕುಡಿಯನ್ನು ಬೇಯಿಸುತ್ತದೆ. ಕುಂಡವಾದರೆ ತಳದ ತೂತಿನ ಮೇಲೆ ಹೆಂಚಿನ ಚೂರು, ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ, ನಡುವೆ ತೆಂಗಿನ ನಾರು ಸುತ್ತಿದ ಕೋಲು. ಬೇಸಿಗೆಯಲ್ಲಿ ಆ ನಾರಿಗೂ ನೀರು ಚಿಮುಕಿಸಿ, ಗಿಣ್ಣಿನ ಬೇರು ಒದ್ದೆಯಿದ್ದಲ್ಲೇ ಹಿಡಿಯುವುದು. ಸೋಪು ಬೆರೆತ ಬಚ್ಚಲ ನೀರು ಬೇಡ. ಬಳ್ಳಿ ಆಳೆತ್ತರ ದಾಟುವವರೆಗೆ ಎಲೆ ಕೀಳುವ ಆಸೆ ತಡೆದುಕೊಳ್ಳಿ. ಆಮೇಲೆ ಕೆಳಗಿನ ಬಲಿತ ಎಲೆಯನ್ನು ತೊಟ್ಟಿನ ಸಮೇತ ಚಿವುಟಿ, ತುದಿಯನ್ನು ಬಿಡಿ.