ಡಿಸ್ಕ್ ಇದೆ, ಕಾಣುವುದಿಲ್ಲ

ಲ್ಯಾಪ್‌ಟಾಪ್‌ಗೆ ಹೊಸದಾಗಿ ವಿಂಡೋಸ್ ಹಾಕಲು ಕೂತಿದ್ದೀರಿ. ಭಾಷೆ ಆರಿಸಿದ್ದಾಯಿತು, ಕರಾರಿಗೆ ಒಪ್ಪಿದ್ದೂ ಆಯಿತು. ಯಾವ ಡ್ರೈವಿನಲ್ಲಿ ಹಾಕಲಿ ಎಂದು ಕೇಳಬೇಕಾದ ಪರದೆಯಲ್ಲಿ ಮಾತ್ರ ಪಟ್ಟಿ ಖಾಲಿ. ಒಂದೂ ಡ್ರೈವ್ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಇದ್ದರೆ ಕೊಡಿ ಎಂಬ ಸಾಲು ಕೆಳಗೆ. ಬೋರಗಾಂವದಂಥ ಊರಿನಲ್ಲಿ ಇಂಥ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಒಂದೋ ನಿಪ್ಪಾಣಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಮಹಾರಾಷ್ಟ್ರದ ಇಚಲಕರಂಜಿಗೆ. ಅಲ್ಲಿ ಕೆಲವು ಸಲ ಕೇಳಿಬರುವ ತೀರ್ಪು: ‘ಹಾರ್ಡ್‌ಡಿಸ್ಕ್ ಹೋಗೇತಿ, ಹೊಸಾದು ಹಾಕಬೇಕು.’

ಬಹಳ ಸಲ ಡಿಸ್ಕ್ ಹೋಗಿರುವುದಿಲ್ಲ. ಅದರೊಳಗಿನ ಲೆಕ್ಕಪತ್ರ, ಫೋಟೋ, ಮಕ್ಕಳ ಪ್ರಾಜೆಕ್ಟು ಎಲ್ಲವೂ ಇಟ್ಟ ಜಾಗದಲ್ಲೇ ಇರುತ್ತವೆ. ತೊಂದರೆ ಇರುವುದು ಡಿಸ್ಕಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವಿನ ಕಂಟ್ರೋಲರ್‌ನಲ್ಲಿ, ಮತ್ತು ಅದನ್ನು ಮಾತಾಡಿಸಬಲ್ಲ ಡ್ರೈವರ್‌ನಲ್ಲಿ. ಈ ಒಂದು ವಿಷಯ ತಿಳಿಯದೆ ಸರಿಯಿರುವ ಡಿಸ್ಕನ್ನು ಎಸೆಯುವುದು, ಅದಕ್ಕಿಂತ ಕೆಟ್ಟದ್ದಾಗಿ ಅದನ್ನು ಫಾರ್ಮ್ಯಾಟ್ ಮಾಡಿಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಾಟಾ ಡಿಸ್ಕ್‌ಗಳ ಕಂಟ್ರೋಲರ್ ಮದರ್‌ಬೋರ್ಡ್‌ನ ಚಿಪ್‌ಸೆಟ್‌ನಲ್ಲಿ ಇರುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಯಾದರೆ ಆ ಪುಟ್ಟ ಹಲಗೆಯ ಮೇಲೆಯೇ ಕಂಟ್ರೋಲರ್ ಕೂತಿರುತ್ತದೆ. ಕಂಪ್ಯೂಟರ್ ಆನ್ ಆದಾಗ ಪ್ರತಿ ಸಾಧನವೂ ತನ್ನ ಗುರುತು ಹೇಳಬೇಕು: ತಯಾರಕರ ಸಂಖ್ಯೆ (ಇಂಟೆಲ್‌ನದು 8086, ಎಎಂಡಿಯದು 1022), ಸಾಧನದ ಸಂಖ್ಯೆ, ಅದರ ವರ್ಗ. ವರ್ಗ 01 ಎಂದರೆ ಸಂಗ್ರಹ ಸಾಧನ. ಅದರ ಮುಂದೆ 01 ಬಂದರೆ ಹಳೆಯ ಐಡಿಇ, 04 ಬಂದರೆ ರೈಡ್ (ಹಲವು ಡಿಸ್ಕ್‌ಗಳ ಜೋಡಣೆ), 06 ಬಂದರೆ ಸಾಟಾ, 08 ಬಂದರೆ ಎನ್‌ವಿಎಂಇ. ಯಾವ ಡ್ರೈವರ್ ಹಚ್ಚಬೇಕೆಂದು ವಿಂಡೋಸ್ ತೀರ್ಮಾನಿಸುವುದು ಈ ಸಂಖ್ಯೆಗಳನ್ನು ನೋಡಿ.

ಬಯೋಸ್‌ನಲ್ಲಿ ‘ಸಾಟಾ ಮೋಡ್’ ಎಂಬ ಸಾಲಿನ ಎದುರು ಐಡಿಇ, ಎಎಚ್‌ಸಿಐ, ರೈಡ್ ಎಂಬ ಆಯ್ಕೆಗಳನ್ನು ನೀವು ನೋಡಿರಬಹುದು. ಅಲ್ಲಿ ಆಯ್ಕೆ ಬದಲಿಸಿದಾಗ ತಂತಿ ಬದಲಾಗುವುದಿಲ್ಲ, ಡಿಸ್ಕ್ ಬದಲಾಗುವುದಿಲ್ಲ. ಅದೇ ಚಿಪ್ ಬೇರೆ ಗುರುತು ಹೇಳತೊಡಗುತ್ತದೆ. ಬೋರಗಾಂವದ ಅಂಗಡಿಯಲ್ಲಿ ಒಬ್ಬನೇ ವ್ಯಾಪಾರಿ ಈ ಗಿರಾಕಿಗೆ ಕನ್ನಡದಲ್ಲೂ ಪಕ್ಕದ ಗಿರಾಕಿಗೆ ಮರಾಠಿಯಲ್ಲೂ ದರ ಹೇಳುವ ಹಾಗೆ. ಗಿರಾಕಿಗೆ ಆ ಭಾಷೆ ಬಂದರೆ ವ್ಯವಹಾರ ನಡೆಯುತ್ತದೆ, ಬಾರದಿದ್ದರೆ ನಿಂತುಹೋಗುತ್ತದೆ.

ಇಷ್ಟೆಲ್ಲ ಭಾಷೆ ಏಕೆ ಬೇಕಾಯಿತು? ಐಡಿಇ ಮೋಡ್‌ನಲ್ಲಿ ಡಿಸ್ಕ್‌ಗೆ ಒಂದು ಸಲಕ್ಕೆ ಒಂದೇ ಆದೇಶ. ಅದು ಮುಗಿದ ಮೇಲೆ ಇನ್ನೊಂದು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಆಗಷ್ಟೇ ದಾಟಿ ಹೋಗಿದ್ದರೆ ಸುತ್ತು ಮುಗಿಯುವ ತನಕ ಮುಂದಿನ ಆದೇಶಗಳೆಲ್ಲ ಕಾಯಬೇಕು. 2004ರಲ್ಲಿ ಇಂಟೆಲ್ ಮುಂದೆ ತಂದ ಎಎಚ್‌ಸಿಐ ಈ ಕಾಯುವಿಕೆಯನ್ನು ತಗ್ಗಿಸಿತು. ಒಟ್ಟಿಗೆ 32 ಆದೇಶಗಳನ್ನು ಡಿಸ್ಕ್‌ಗೆ ಕೊಡಬಹುದು. ಯಾವುದು ದಾರಿಯಲ್ಲಿ ಮೊದಲು ಸಿಗುತ್ತದೋ ಅದನ್ನು ಮೊದಲು ಮುಗಿಸುವ ಸ್ವಾತಂತ್ರ್ಯ ಡಿಸ್ಕಿನದು. ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಂದಾಗ ಅದೂ ಸಾಲದಾಯಿತು. 2011ರ ಎನ್‌ವಿಎಂಇ ಮಾನದಂಡದಲ್ಲಿ ಆದೇಶಗಳ ಸಾಲುಗಳೇ 65,535ರವರೆಗೆ ಇರಬಹುದು, ಒಂದೊಂದು ಸಾಲಿನಲ್ಲಿ 65,536 ಆದೇಶಗಳಿಗೆ ಜಾಗ.

ಈಗ ಮುಖ್ಯ ಗಂಟಿಗೆ ಬರೋಣ. ಡಿಸ್ಕ್ ಓದಲು ಡ್ರೈವರ್ ಬೇಕು, ಆದರೆ ಆ ಡ್ರೈವರ್ ಇರುವುದು ಅದೇ ಡಿಸ್ಕ್‌ನಲ್ಲಿ. ಹಾಗಿದ್ದರೆ ಕಂಪ್ಯೂಟರ್ ಬೆಳಗ್ಗೆ ಹೇಗೆ ಎದ್ದೇಳುತ್ತದೆ? ಮೊದಲ ಕೆಲವು ಕ್ಷಣ ಡಿಸ್ಕನ್ನು ಓದಿಕೊಡುವುದು ಮದರ್‌ಬೋರ್ಡ್‌ನ ಫರ್ಮ್‌ವೇರ್, ಅಂದರೆ ಬಯೋಸ್ ಅಥವಾ ಯುಇಎಫ್‌ಐ. ಅದರ ಕೈಯಿಂದ ಬೂಟ್‌ಲೋಡರ್ ಮೂರು ವಸ್ತುಗಳನ್ನು ಮೆಮೊರಿಗೆ ಎತ್ತಿಕೊಳ್ಳುತ್ತದೆ: ವಿಂಡೋಸ್‌ನ ಕರ್ನೆಲ್, ರಿಜಿಸ್ಟ್ರಿಯ ಸಿಸ್ಟಮ್ ಭಾಗ, ಮತ್ತು ಅದರಲ್ಲಿ ‘ಬೂಟ್ ಆಗುವಾಗಲೇ ಬೇಕು’ ಎಂದು ಗುರುತು ಹಾಕಿದ ಡ್ರೈವರ್‌ಗಳು. ಆಮೇಲೆ ಕರ್ನೆಲ್ ಅಧಿಕಾರ ವಹಿಸಿಕೊಳ್ಳುತ್ತದೆ; ಡಿಸ್ಕ್ ಓದಿಕೊಡುವ ಫರ್ಮ್‌ವೇರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಎತ್ತಿಕೊಂಡ ಡ್ರೈವರ್‌ಗಳಲ್ಲಿ ಸರಿಯಾದದ್ದು ಇದ್ದರೆ ಮುಂದಿನ ಓದು ಸಲೀಸು. ಇಲ್ಲದಿದ್ದರೆ ಅರ್ಧ ಕ್ಷಣದ ಹಿಂದೆ ಓದುತ್ತಿದ್ದ ಡಿಸ್ಕ್ ಕರ್ನೆಲ್‌ಗೆ ಕಾಣದೆಯೇ ಹೋಗುತ್ತದೆ. ನೀಲಿ ಪರದೆ ಬರುತ್ತದೆ: ಬೂಟ್ ಸಾಧನ ಕೈಗೆ ಸಿಗುತ್ತಿಲ್ಲ, ದೋಷ ಸಂಖ್ಯೆ ‘ಸೆವೆನ್ ಬಿ’. ರಿಪೇರಿ ಮಾಡುವವರಿಗೆ ಈ ‘ಸೆವೆನ್ ಬಿ’ ಚಿರಪರಿಚಿತ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಎಎಚ್‌ಸಿಐ ಡ್ರೈವರ್ ಇರಲಿಲ್ಲ. ಆ ಮಾನದಂಡವೇ ಆಮೇಲೆ ಬಂದದ್ದು. ಎಕ್ಸ್‌ಪಿ ಸೆಟಪ್ ಶುರುವಾದಾಗ ಪರದೆಯ ತಳದಲ್ಲಿ ಕೆಲವೇ ಸೆಕೆಂಡು ಒಂದು ಸಾಲು ಮಿಂಚಿ ಹೋಗುತ್ತಿತ್ತು: ಬೇರೆಯವರ ಸ್ಕಸಿ ಅಥವಾ ರೈಡ್ ಡ್ರೈವರ್ ಇದ್ದರೆ ಎಫ್6 ಒತ್ತಿ. ಒತ್ತಿದರೆ ಅದು ಕೇಳುತ್ತಿದ್ದುದು ಫ್ಲಾಪಿಯನ್ನು. ಫ್ಲಾಪಿ ಡ್ರೈವೇ ಇಲ್ಲದ ಲ್ಯಾಪ್‌ಟಾಪ್‌ಗಳ ಕಾಲದಲ್ಲೂ ಫ್ಲಾಪಿ! ಹಾಗಾಗಿ ಬಯೋಸ್‌ಗೆ ಹೋಗಿ ಐಡಿಇ ಮೋಡ್ ಮಾಡಿ ಎಕ್ಸ್‌ಪಿ ಹಾಕಿ ಮುಗಿಸುವುದು ಅಂಗಡಿಗಳಲ್ಲಿ ರೂಢಿಯಾಯಿತು. ಹಳೆಯ ನುಡಿ, ಶ್ರೀಲಿಪಿ ತಂತ್ರಾಂಶಗಳಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುವ ಡಿಟಿಪಿ ಅಂಗಡಿಗಳಿಗೆ ಎಕ್ಸ್‌ಪಿ ಬಿಡುವುದು ಕಷ್ಟವಾಗಿತ್ತು, ಹಾಗಾಗಿ ಆ ರೂಢಿಗೂ ಆಯುಷ್ಯ ದೊರಕಿತು. ಅಂಥ ಯಂತ್ರಕ್ಕೆ ಆಮೇಲೆ ಎಸ್‌ಎಸ್‌ಡಿ ಹಾಕಿದರೂ ಕಂಟ್ರೋಲರ್ ಐಡಿಇಯಲ್ಲೇ ಉಳಿದಿದ್ದರೆ ಒಂದು ಸಲಕ್ಕೆ ಒಂದೇ ಆದೇಶ. ದುಡ್ಡು ಕೊಟ್ಟು ತಂದ ವೇಗದಲ್ಲಿ ಒಂದು ಪಾಲು ವ್ಯರ್ಥ.

ವಿಸ್ಟಾದಿಂದ ಈಚೆಗೆ ಎಎಚ್‌ಸಿಐ ಡ್ರೈವರ್ ವಿಂಡೋಸ್ ಜೊತೆಗೇ ಬರುತ್ತದೆ, ಪೆನ್‌ಡ್ರೈವಿನಿಂದಲೂ ಡ್ರೈವರ್ ಕೊಡಬಹುದು. ವಿಂಡೋಸ್ 7ರಲ್ಲಿ ಎನ್‌ವಿಎಂಇ ಡ್ರೈವರ್ ಇರಲಿಲ್ಲ, 8.1ರಲ್ಲಿ ಸೇರಿತು. ಸಮಸ್ಯೆ ಮುಗಿಯಿತು ಎನ್ನುವಷ್ಟರಲ್ಲಿ ವಿಎಂಡಿ ಬಂತು.

2020ರ 11ನೇ ತಲೆಮಾರಿನಿಂದ ಇಂಟೆಲ್ ಪ್ರೊಸೆಸರ್‌ಗಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಭಾಗ ಕಾರ್ಖಾನೆಯಿಂದಲೇ ಚಾಲೂ ಆಗಿ ಬರುತ್ತದೆ. ಎನ್‌ವಿಎಂಇ ಡಿಸ್ಕ್ 08 ಎಂದು ನೇರವಾಗಿ ಗುರುತು ಹೇಳುವ ಬದಲು ವಿಎಂಡಿಯ ಹಿಂದೆ ಸರಿಯುತ್ತದೆ. ಮುಂದೆ ಕಾಣುವುದು 04, ಅಂದರೆ ರೈಡ್ ಎಂಬ ಗುರುತು ಮಾತ್ರ. ಸೆಟಪ್ ಪೆನ್‌ಡ್ರೈವಿನಲ್ಲಿ ಇದರ ಡ್ರೈವರ್ ಇಲ್ಲದಿದ್ದರೆ ಮೊದಲು ಹೇಳಿದ ಖಾಲಿ ಪಟ್ಟಿ ಬರುತ್ತದೆ. ಮೊದಲ ನೋಟ ಬಯೋಸ್‌ನಲ್ಲಿರಲಿ. ಎಸ್‌ಎಸ್‌ಡಿಯ ಹೆಸರು, ಗಾತ್ರ ಅಲ್ಲಿ ಸರಿಯಾಗಿ ಕಂಡರೆ ಡಿಸ್ಕ್ ಬದುಕಿದೆ ಎಂದು ನಂಬಿ ಮುಂದುವರಿಯಬಹುದು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾದರಿಯ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ. ಅದು ಒಂದೇ ಸೆಟಪ್ ಫೈಲಾಗಿದ್ದರೆ ಹಾಗೇ ಕೊಟ್ಟರೆ ಕೆಲಸವಾಗದು, ಬಿಚ್ಚಿದಾಗ ‘.ಐಎನ್‌ಎಫ್’ ಎಂದು ಕೊನೆಗೊಳ್ಳುವ ಫೈಲುಗಳಿರುವ ಫೋಲ್ಡರ್ ಸಿಗಬೇಕು. ಅದನ್ನು ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿ ಫೋಲ್ಡರ್ ತೋರಿಸಿದರೆ ವಿಎಂಡಿ ಎಂಬ ಹೆಸರು ಬರುತ್ತದೆ. ಅದನ್ನು ಆರಿಸಿದ ಮೇಲೆ ಖಾಲಿ ಪಟ್ಟಿಯಲ್ಲಿ ಡಿಸ್ಕ್, ಅದರ ಪಾರ್ಟಿಷನ್‌ಗಳ ಸಮೇತ ಮೂಡುತ್ತದೆ.

ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು ದಾರಿ. ಒಂದೇ ಎಸ್‌ಎಸ್‌ಡಿ ಇರುವ ಯಂತ್ರಕ್ಕೆ, ಎಲ್ಲವನ್ನೂ ಹೊಸದಾಗಿ ಹಾಕುವುದಿದ್ದರೆ, ನಾನು ಇದನ್ನೇ ಮೆಚ್ಚುತ್ತೇನೆ. ರೈಡ್ ಇಲ್ಲದ ಮನೆಯ ಲ್ಯಾಪ್‌ಟಾಪ್‌ಗೆ ಆ ನಡುವಿನ ಪದರ ಬೇಕಿಲ್ಲ. ಆದರೆ ಈಗಾಗಲೇ ವಿಂಡೋಸ್ ಓಡುತ್ತಿರುವ ಯಂತ್ರದಲ್ಲಿ ಏಕಾಏಕಿ ಆಫ್ ಮಾಡಿದರೆ ‘ಸೆವೆನ್ ಬಿ’ ಎದುರಾದೀತು. ವಿಂಡೋಸ್ 10, 11ರಲ್ಲಿ ಮೊದಲು ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಹೊಂದಿಸಿ, ರೀಸ್ಟಾರ್ಟ್ ಮಾಡುವಾಗ ಬಯೋಸ್‌ನಲ್ಲಿ ಮೋಡ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಏಳಲು ಬಿಟ್ಟರೆ ಹೆಚ್ಚಿನ ಯಂತ್ರಗಳು ಹೊಸ ಕಂಟ್ರೋಲರ್‌ನ ಡ್ರೈವರ್ ಹಚ್ಚಿಕೊಳ್ಳುತ್ತವೆ. ಆಮೇಲೆ ಸೇಫ್ ಮೋಡ್ ತೆಗೆದರಾಯಿತು. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾದದ್ದನ್ನು ಕಂಡು ವಿಂಡೋಸ್ ಅದನ್ನು ಕೇಳಬಹುದು.

ದೂಧಗಂಗೆ, ವೇದಗಂಗೆಗಳ ಸೀಮೆಯಲ್ಲಿ ಈ ತಿಳಿವಳಿಕೆಗೆ ಇನ್ನೊಂದು ಉಪಯೋಗವಿದೆ. 2019ರ ಆಗಸ್ಟ್, 2021ರ ಜುಲೈ ತಿಂಗಳ ಮಹಾಪೂರಗಳನ್ನು ಇಲ್ಲಿ ಯಾರೂ ಮರೆತಿಲ್ಲ. ನೀರು ಹೊಕ್ಕಲ್ಲಿ, ಇಲ್ಲವೇ ವೋಲ್ಟೇಜ್ ಏರುಪೇರಿನಲ್ಲಿ ಮದರ್‌ಬೋರ್ಡ್ ಸುಟ್ಟು ಡಿಸ್ಕ್ ಉಳಿದಿರಬಹುದು. ಅದನ್ನು ತೆಗೆದು ಬೇರೆ ಯಂತ್ರಕ್ಕೆ ಹಾಕಿದಾಗ ನೀಲಿ ಪರದೆ ಬಂದರೆ ಡಿಸ್ಕ್ ಹಾಳಾಗಿದೆ ಎಂದರ್ಥವಲ್ಲ. ಹೊಸ ಬೋರ್ಡಿನ ಕಂಟ್ರೋಲರ್‌ಗೆ ತಕ್ಕ ಡ್ರೈವರನ್ನು ಹಳೆಯ ವಿಂಡೋಸ್ ಬೂಟ್ ಪಟ್ಟಿಯಲ್ಲಿ ಇಟ್ಟುಕೊಂಡಿಲ್ಲ, ಅಷ್ಟೇ. ಹಳೆಯ ಮೋಡ್ ಯಾವುದಿತ್ತೋ ಅದನ್ನೇ ಹೊಸ ಬಯೋಸ್‌ನಲ್ಲಿ ಇಟ್ಟು ನೋಡಬಹುದು. ಅದರಿಂದ ಬೂಟ್ ಆಗದಿದ್ದರೂ, ಎರಡನೇ ಡಿಸ್ಕಾಗಿ ಜೋಡಿಸಿದರೆ ಫೈಲುಗಳು ಹೆಚ್ಚಾಗಿ ಸಿಗುತ್ತವೆ. ಲಿನಕ್ಸ್ ಇದ್ದ ಡಿಸ್ಕ್ ಹೊಸ ಬೋರ್ಡಿನ ಮೇಲೂ ಸಾಮಾನ್ಯವಾಗಿ ಏಳುತ್ತದೆ. ಅನೇಕ ಕಂಟ್ರೋಲರ್‌ಗಳ ಡ್ರೈವರ್‌ಗಳನ್ನು ಅದು ಬೂಟ್ ಆಗುವಾಗಲೇ ಜೊತೆಗೆ ಹೊತ್ತು ತರುತ್ತದೆ.

ಮನೆಯ ಯಂತ್ರಗಳಷ್ಟೇ ಅಲ್ಲ, ಕಚೇರಿ ಯಂತ್ರಗಳಲ್ಲೂ ಈ ಎಚ್ಚರ ಬೇಕು. ಪ್ರಾಥಮಿಕ ಪತ್ತಿನ ಸಹಕಾರಿ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು: 63,000 ಸಂಘಗಳು, 2,516 ಕೋಟಿ ರೂಪಾಯಿ. ಕಬ್ಬಿನ ಸೀಮೆಯ ಬೆಳೆಸಾಲದ ಲೆಕ್ಕ ಕಾಗದದಿಂದ ಡಿಸ್ಕಿಗೆ ಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದ್ದರಿಂದ ಹೊಸದಾಗಿ ವಿಂಡೋಸ್ ಹಾಕಿಸುವವರೂ ಹೆಚ್ಚು. ಇಂಥ ಕಚೇರಿ ಯಂತ್ರದಲ್ಲಿ ಎರಡು ಡಿಸ್ಕ್‌ಗಳನ್ನು ರೈಡ್ ಜೋಡಿ ಮಾಡಿದ್ದರೆ ಬಯೋಸ್‌ನ ಮೋಡ್ ಮುಟ್ಟುವ ಮುನ್ನ ಕೇಳಿ ತಿಳಿಯಬೇಕು. ದತ್ತಾಂಶವನ್ನು ಪಟ್ಟಿ ಪಟ್ಟಿಯಾಗಿ ಎರಡೂ ಡಿಸ್ಕಿಗೆ ಹಂಚುವ ಬಗೆಯ ರೈಡ್ ಆದರೆ ಒಂಟಿ ಡಿಸ್ಕ್‌ನಲ್ಲಿ ಅರ್ಧರ್ಧ ತುಣುಕುಗಳಷ್ಟೇ ಇರುತ್ತವೆ. ಎಎಚ್‌ಸಿಐಗೆ ಬದಲಿಸಿದಾಗ ಡಿಸ್ಕ್ ಖಾಲಿ ಇರುವಂತೆ ಕಂಡು, ಸಿದ್ಧಗೊಳಿಸಲೇ ಎಂದು ವಿಂಡೋಸ್ ಕೇಳಬಹುದು. ಅಲ್ಲಿ ‘ಓಕೆ’ ಒತ್ತಬೇಡಿ. ಯಂತ್ರ ಆಫ್ ಮಾಡಿ, ಮೋಡನ್ನು ಮತ್ತೆ ರೈಡ್‌ಗೆ ತಿರುಗಿಸಿದರೆ, ಡಿಸ್ಕಿನ ಮೇಲೆ ಏನೂ ಬರೆಯದಿರುವ ತನಕ, ಜೋಡಿ ಸಾಮಾನ್ಯವಾಗಿ ಮೊದಲಿನಂತೆಯೇ ಕೂಡಿಕೊಳ್ಳುತ್ತದೆ.